ಇತರೆ ಎಂಬ ಓಣಿ

ತಂಗಿಯ ಮಗ ಇಳಕಲ್ಲಿನ ಒಂದು ಗ್ರಾನೈಟ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾನೆ. ಶನಿವಾರ ತುಳಸಿಗೇರಿ ಹನಮಪ್ಪನ ದರ್ಶನಕ್ಕೆ ಬಂದವನು ಕಾಯಿ ಒಡೆಸಿಕೊಂಡು ನಮ್ಮ ಮನೆಗೆ ಹಣಿಕಿದ. ಕೈಯಲ್ಲಿ ಕಾಯಿಹೋಳು, ಕಂಕುಳಲ್ಲಿ ಇಟ್ಟಂಗಿಯಷ್ಟು ದಪ್ಪನೆಯ ಇಂಗ್ಲಿಷ್ ಪುಸ್ತಕ. ‘ಮಾಮಾ, ನೀವು ಮೂವತ್ತೈದು ವರ್ಷ ಸೈನ್ಸ್ ಕಲಿಸೀರಿ. ಇದರಾಗ ನಮ್ಮ ಕಲ್ಲು ಎಲ್ಲಿ ಕುಂತೈತಿ, ಒಂದೀಟು ನೋಡಿ ಹೇಳ್ರಿ’ ಅಂದ.

ಅದು ಕಸ್ಟಮ್ಸ್ ಟ್ಯಾರಿಫ್ ಪುಸ್ತಕ. ಹಳೆಯ ಆವೃತ್ತಿ, ಆಫೀಸಿನವರು ರದ್ದಿಗೆ ಹಾಕಿದ್ದು. ದೇಶದಾಚೆ ಹೋಗುವ, ಆಚೆಯಿಂದ ಬರುವ ಪ್ರತಿ ಸರಕಿಗೂ ಅದರಲ್ಲಿ ಎಂಟು ಅಂಕಿಯ ನಂಬರು ಇದೆ. ಮೊದಲ ಎರಡು ಅಂಕಿ ಅಧ್ಯಾಯ, ನಾಲ್ಕು ಸೇರಿದರೆ ಶೀರ್ಷಿಕೆ, ಆರು ಸೇರಿದರೆ ಉಪಶೀರ್ಷಿಕೆ. ಅಲ್ಲಿಯವರೆಗೆ ಜಗತ್ತಿಗೆಲ್ಲ ಒಂದೇ ಪಾಠ. ಬ್ರಸೆಲ್ಸಿನಲ್ಲಿ ಕೂತವರು ಮಾಡಿದ್ದು, 1988ರ ಜನವರಿ 1ರಿಂದ ಜಾರಿಯಲ್ಲಿರುವುದು. ಕೊನೆಯ ಎರಡು ಅಂಕಿ ದಿಲ್ಲಿಯವು. ನಂಬರು ತಪ್ಪಿದರೆ ಸುಂಕ ತಪ್ಪುತ್ತದೆ, ಸುಂಕ ತಪ್ಪಿದರೆ ಕಂಟೇನರು ಬಂದರಿನಲ್ಲಿ ಕೂರುತ್ತದೆ, ಕೂತಷ್ಟು ದಿನ ಬಾಡಿಗೆ ಏರುತ್ತದೆ.

ನೋಡಲು ಕೂತೆ. ಎರಡು ತಿಂಗಳಾಯಿತು, ಇನ್ನೂ ನೋಡುತ್ತಿದ್ದೇನೆ. ತಲೆಗೆ ಹತ್ತದ್ದನ್ನೆಲ್ಲ ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟಿದ್ದೇನೆ. ಇವು ಅವೇ.

*

ಕಲ್ಲು ಸಿಕ್ಕಿತು. ಒಂದು ಕಡೆಯಲ್ಲ, ಎರಡು ಕಡೆ.

ಕ್ವಾರಿಯಿಂದ ಎತ್ತಿದ, ಒರಟಾಗಿ ಮೂಲೆ ಒಡೆದ ಗ್ರಾನೈಟು 25ನೆಯ ಅಧ್ಯಾಯದಲ್ಲಿದೆ. ಉಪ್ಪು, ಗಂಧಕ, ಮಣ್ಣು, ಸುಣ್ಣಗಳ ಸಾಲಿನಲ್ಲಿ 2516 11. ಗರಗಸದಿಂದ ಚೌಕಾಕಾರದ ದಿಮ್ಮಿಯಾಗಿಯೋ ಹಲಗೆಯಾಗಿಯೋ ಕೊಯ್ದರೂ ಅದೇ ಅಧ್ಯಾಯ, ಆದರೆ 2516 12. ಒಂದು ಮುಖ ಪಾಲಿಶ್ ಮಾಡಿ ರೂಬಿ ರೆಡ್ ಬಣ್ಣ ಹೊಳೆಯುವಂತೆ ಮಾಡಿದಿರೋ, ಕಲ್ಲು 43 ಅಧ್ಯಾಯ ಜಿಗಿದು 6802 93ಕ್ಕೆ ಹೋಗಿ ಕೂರುತ್ತದೆ. ಆ ಜಿಗಿತದ ನಡುವೆ ಔಷಧಿ, ಸಾಬೂನು, ರಬ್ಬರು, ತೊಗಲು, ಕಟ್ಟಿಗೆ, ಕಾಗದ, ಬಟ್ಟೆ, ಚಪ್ಪಲಿ, ಕೊಡೆ ಎಲ್ಲವನ್ನೂ ದಾಟಿರುತ್ತದೆ.

ಇಷ್ಟಾದರೆ ನನಗೂ ತಿಳಿಯುತ್ತಿತ್ತು. 6802ರಲ್ಲೇ 23 ಅಂತ ಇನ್ನೊಂದು ಇದೆ: ಸುಮ್ಮನೆ ಕೊಯ್ದ ಗ್ರಾನೈಟು, ಮೈ ಸಮ ಇರುವಂಥದ್ದು. ಹಾಗಾದರೆ 2516 12ರ ‘ಬರೇ ಕೊಯ್ದದ್ದು’ ಯಾವುದು, 6802 23ರ ‘ಸುಮ್ಮನೆ ಕೊಯ್ದದ್ದು’ ಯಾವುದು? ಬರೇ ಅನ್ನುವುದಕ್ಕೂ ಸುಮ್ಮನೆ ಅನ್ನುವುದಕ್ಕೂ ಏನು ಫರಕು? ನಿರ್ಯಾತದ ದಾಖಲೆ ಮಾಡಿಕೊಡುವವರ ಉತ್ತರ: ಕ್ವಾರಿಯ ಮಾಲಿನ ಹಂತ ದಾಟಿ ಕೆಲಸ ಮುಂದಕ್ಕೆ ಹೋಗಿದ್ದರೆ 68. ಎಲ್ಲಿ ದಾಟಿತು ಅಂತ ಕೇಳಿದೆ. ಅಳಿಯ ನಕ್ಕ. ‘ಹೋದ ಸಲ ಏನ ಹಾಕಿದ್ವೋ ಅದನ್ನ ಹಾಕ್ತೀವ್ರಿ ಮಾಮಾ.’

ಚೌಕವಾಗಿ ಕೊಯ್ದ ಕಲ್ಲು 25ರಲ್ಲೇ ಉಳಿಯಬಹುದು, ಗುಂಡಗೆ ಕೊಯ್ದರೆ ಉಳಿಯುವುದಿಲ್ಲ. ಇದಕ್ಕೆ ಗೆರೆ ಎಳೆದು ಇಟ್ಟುಕೊಂಡಿದ್ದೇನೆ, ಮುಂದೆ ಬೇಕಾಗುತ್ತದೆ.

ಏಳು ಸೆಂಟಿಮೀಟರಿನ ಚೌಕದಲ್ಲಿ ಹಿಡಿಯುವಷ್ಟು ಸಣ್ಣ ಕಲ್ಲಿನ ಬಿಲ್ಲೆಗಳಿಗೆ ಪ್ರತ್ಯೇಕ ನಂಬರು, 6802 10. ಏಳೇ ಯಾಕೆ? ಯಾರದೋ ಅಂಗೈ ಅಳತೆ ಇರಬೇಕು.

*

ಪುಸ್ತಕದ ಮುಂಭಾಗದಲ್ಲಿ ಆರು ನಿಯಮಗಳಿವೆ. ಅಧ್ಯಾಯಗಳ ಹೆಸರಿಗೆ ಕಾನೂನಿನ ಬೆಲೆ ಇಲ್ಲ, ಅವು ಹುಡುಕಲು ಅನುಕೂಲವಾಗಲಿ ಅಂತ ಮಾತ್ರ ಎಂದು ಮೊದಲನೆಯದೇ ಹೇಳಿಬಿಡುತ್ತದೆ. ಮೂರನೆಯದು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಒಂದು ವಸ್ತು ಎರಡು ಮನೆಗೂ ಸಲ್ಲುವಂತಿದ್ದರೆ ಹೆಚ್ಚು ನಿರ್ದಿಷ್ಟವಾಗಿ ಹೆಸರಿಸಿದ ಮನೆಗೆ ಕೊಡಿ. ಅದೂ ಆಗದಿದ್ದರೆ ಅದರ ಮೂಲ ಗುಣ ಯಾವುದರಿಂದ ಬಂತೋ ನೋಡಿ. ಅದೂ ಬಗೆಹರಿಯದಿದ್ದರೆ? ಅಂಕಿಯ ಸಾಲಿನಲ್ಲಿ ಯಾವುದು ಕೊನೆಗೆ ಬರುತ್ತದೋ ಅದಕ್ಕೆ.

ನಮ್ಮಲ್ಲಿ ಬಗೆಹರಿಯದ ವಾಟ್ನಿಯಲ್ಲಿ ಹಿರಿಯನ ಮಾತು ನಡೆಯುತ್ತದೆ. ಬ್ರಸೆಲ್ಸಿನಲ್ಲಿ ಕಿರಿಯನದು.

*

0810 90 ತೆರೆದರೆ ನಮ್ಮ ರಸ್ತೆಯೇ ಕಾಣಿಸಿತು. 0810 90 10 ದಾಳಿಂಬೆ. 20 ಹಸಿ ಹುಣಸೆ. 30 ಚಿಕ್ಕು. 40 ಸೀತಾಫಲ. 50 ಬಾರಿಹಣ್ಣು. ನಮ್ಮೂರಿನಿಂದ ಕಲಾದಗಿಗೆ ಹೋದರೆ ದಾಳಿಂಬೆ, ಚಿಕ್ಕು ತೋಟ. ಬಾದಾಮಿ ಗುಡ್ಡದ ಕಡೆ ಹೊರಳಿದರೆ ಸೀತಾಫಲ. ಹುಣಸೆ, ಬಾರಿ ಎಲ್ಲ ಕಡೆಯೂ. ದಿಲ್ಲಿಯ ಯಾರೋ ಗುಮಾಸ್ತ ಗದ್ದನಕೇರಿ ಕ್ರಾಸಿನಲ್ಲಿ ಬಸ್ಸಿಳಿದು ನಡೆದುಕೊಂಡು ಬಂದು ಬರೆದುಕೊಂಡ ಹಾಗಿದೆ.

ಆಮೇಲೆ ಲಕ್ಷ್ಯಕ್ಕೆ ಬಂತು. ಈ ಹೆಸರುಗಳೆಲ್ಲ ಕೊನೆಯ ಎರಡು ಅಂಕಿಯಲ್ಲಿವೆ. ಆರು ಅಂಕಿಯಲ್ಲಿ ನಿಂತು ನೋಡಿದರೆ 0810 90 ಅಂದರೆ ‘ಇತರೆ’. ಸ್ಟ್ರಾಬೆರಿಗೆ ಜಗತ್ತಿನಲ್ಲಿ ಸ್ವಂತ ಮನೆ ಇದೆ, 0810 10. ಕಿವಿ ಹಣ್ಣಿಗಿದೆ, 0810 50. ವಾಸನೆಯ ದುರಿಯನ್ನಿಗೂ ಇದೆ, 0810 60. ಕಲಾದಗಿಯ ದಾಳಿಂಬೆ ಇತರೆ. ನಮ್ಮ ದೇಶದ ಹೊಸ್ತಿಲೊಳಗೆ ಅದಕ್ಕೆ ಹೆಸರು. ಹೊಸ್ತಿಲು ದಾಟಿದರೆ ಚಿಕ್ಕು, ಸೀತಾಫಲದ ಜೊತೆ ಒಂದೇ ಗಂಟಿನಲ್ಲಿ.

ಹುಣಸೆಹಣ್ಣು ಒಣಗಿದರೆ ಮನೆ ಬದಲಾಯಿಸುತ್ತದೆ, 0813 40 10. ಹಸಿಯದು ಯಾರು ಕೊಳ್ಳುತ್ತಾರೋ ನಾನರಿಯೆ, ಸಾಲೆ ಹುಡುಗರನ್ನು ಬಿಟ್ಟರೆ.

ಉಳ್ಳಾಗಡ್ಡಿಯದು ಬೇರೆಯದೇ ಕತೆ. 2023ರ ಆಗಸ್ಟಿನಲ್ಲಿ ಉಳ್ಳಾಗಡ್ಡಿ ನಿರ್ಯಾತಕ್ಕೆ ಶೇ. 40 ಸುಂಕ ಹಾಕಿದರು. ಸೆಪ್ಟೆಂಬರ್ ಕೊನೆಗೆ ಬೆಂಗಳೂರು ರೋಸ್ ಉಳ್ಳಾಗಡ್ಡಿಗೆ ಮಾತ್ರ ವಿನಾಯಿತಿ ಬಂತು. ಷರತ್ತೊಂದೇ, ಇದು ರೋಸ್ ಹೌದು ಅಂತ ರಾಜ್ಯದ ತೋಟಗಾರಿಕೆ ಕಮಿಷನರರ ಪ್ರಮಾಣಪತ್ರ ಬೇಕು. ಅದು ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಳೆ. ನಮ್ಮ ಜಿಲ್ಲೆಯ ಉಳ್ಳಾಗಡ್ಡಿಯೂ ಕೆಂಪೇ. ಕೆಂಪಿನಲ್ಲೂ ಎಷ್ಟು ಕೆಂಪು ಅನ್ನುವುದರ ಮೇಲೆ ನೂರಕ್ಕೆ ನಲವತ್ತು ನಿಂತಿತ್ತು.

*

ಬಾಗಲಕೋಟೆಗೆ ಹೋಗಿದ್ದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿಗಳು ಹೋದ ಮೇಲೆ ಜನ ನವನಗರಕ್ಕೆ ಬಂದರು. ಹಳೇ ಊರಿನಲ್ಲಿ ವಿಳಾಸ ಅಂದರೆ ಯಾರ ಮನೆ ಹಿಂದೆ, ಯಾವ ಗುಡಿ ಎದುರಿಗೆ. ನವನಗರದಲ್ಲಿ ಸೆಕ್ಟರ್ ನಂಬರು, ಪ್ಲಾಟ್ ನಂಬರು. ನನ್ನ ಜೊತೆ ಕಲಿಸುತ್ತಿದ್ದ ಮಾಸ್ತರರ ಮನೆ ಹುಡುಕಲು ಒಂದು ತಾಸು ಬೇಕಾಯಿತು. ಕೊನೆಗೆ ಚಹಾದ ಅಂಗಡಿಯವನು ಕೇಳಿದ, ‘ಅವರು ಕಿಲ್ಲಾದವರೇನ್ರಿ? ಹಂಗ ಹೇಳಬೇಕಿಲ್ಲೋ!’ ಅಂತ. ನೀರೊಳಗಿನ ಓಣಿಯ ಹೆಸರು ಹೇಳಿದ ಮೇಲೆ ನೆಲದ ಮೇಲಿನ ಮನೆ ಸಿಕ್ಕಿತು.

ಬ್ರಸೆಲ್ಸಿನವರ ಪಟ್ಟಿಯಲ್ಲಿ 97 ಅಧ್ಯಾಯ, 21 ಭಾಗ. 76 ಅಲ್ಯೂಮಿನಿಯಂ, 78 ಸೀಸ. 77 ಖಾಲಿ, ಮುಂದೆ ಯಾವಾಗಾದರೂ ಬೇಕಾದೀತು ಎಂದು ಕಾದಿರಿಸಿದ್ದು. 1988ರಿಂದಲೂ ಖಾಲಿ. ನವನಗರದಲ್ಲೂ ಹೀಗೆ ನಂಬರು ಬಿದ್ದು ಮನೆ ಏಳದ ಪ್ಲಾಟುಗಳಿವೆ, ಜಾಲಿ ಬೆಳೆದಿದೆ.

*

ಜೋಳ. ಇದರ ಮೇಲೆ ಮೂರು ದಿನ ಹೋಯಿತು.

ದಾಳಿಂಬೆಗಿಂತ ಜೋಳದ ಯೋಗ ದೊಡ್ಡದು. ಅದಕ್ಕೆ ಜಗತ್ತಿನಲ್ಲಿ ಇಡೀ ಒಂದು ಶೀರ್ಷಿಕೆ ಇದೆ, 1007. ಸಜ್ಜೆ, ರಾಗಿ, ನವಣೆ ಮುಂತಾದವು 1008ರಲ್ಲಿ ಒಟ್ಟಿಗೆ. ಓದುತ್ತ ಓದುತ್ತ 1008ರ ಕೊನೆಯ ಅಂಕಿಗಳಿಗೆ ಬಂದರೆ ಅಲ್ಲಿ ದಿಲ್ಲಿಯವರು ‘ಜವಾರ್’ ಅಂತ ಮತ್ತೊಂದು ಸಾಲು ಬರೆದಿದ್ದಾರೆ, ಸಜ್ಜೆ ರಾಗಿಗಳ ಪಕ್ಕಕ್ಕೆ. ನನ್ನ ಕೈಯಲ್ಲಿರುವುದು ಹಳೆಯ ಪುಸ್ತಕ, ಅದರಲ್ಲಂತೂ ಹೀಗಿದೆ. ಇಂಗ್ಲಿಷ್ ಹೆಸರಿನಲ್ಲಿ ಒಂದು ಮನೆ, ಹಿಂದಿ ಹೆಸರಿನಲ್ಲಿ ಇನ್ನೊಂದು ಮನೆ, ಕಾಳು ಒಂದೇ. ನನ್ನಾಕೆಗೆ ತೋರಿಸಿದೆ. ‘ಒಂದು ಬಿಳಿ ಜ್ವಾಳಾ, ಒಂದು ಕೆಂಪ ಜ್ವಾಳಾ ಇರಬೇಕು ಬಿಡ್ರಿ’ ಎಂದು ರೊಟ್ಟಿ ಬಡಿಯುವುದಕ್ಕೆ ಹೋದಳು.

ಆ ರೊಟ್ಟಿ 1905. ಕಟಕರೊಟ್ಟಿ ಕಟ್ಟಿ ದುಬೈಗೆ ಕಳಿಸಿದರೂ ಅದೇ. ಬಿಸ್ಕತ್ತು, ಕೇಕು, ಹಪ್ಪಳ ಎಲ್ಲ ಅಲ್ಲಿಯೇ. ಈ ನಂಬರುಗಳನ್ನೇ ನಮ್ಮ ಜಿಎಸ್‌ಟಿಯೂ ಎರವಲು ಪಡೆದಿದೆ, ಆದ್ದರಿಂದ ಬ್ರಸೆಲ್ಸಿನ ಜಗಳ ಅಡುಗೆಮನೆಗೂ ಬರುತ್ತದೆ. 2020ರಲ್ಲಿ ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿ, ತನ್ನ ಪರೋಟಾವನ್ನು ರೊಟ್ಟಿ ಚಪಾತಿಯ ಸಾಲಿಗೆ ಸೇರಿಸಬಹುದೇ ಅಂತ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತು. ಆಗದು, ಪರೋಟಾವನ್ನು ತಿನ್ನುವ ಮೊದಲು ಮತ್ತೆ ಬಿಸಿ ಮಾಡಬೇಕು, ಅದು 2106ರ ಬಗೆಬಗೆಯ ಖಾದ್ಯಗಳ ಗುಂಪು ಅಂದರು. ಶೇ. 5 ಇರಬಹುದಾದದ್ದು 18 ಆಯಿತು. ದೇಶವೆಲ್ಲ ನಕ್ಕಿತು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ, ಪರೋಟಾ ಯಾವುದಕ್ಕೂ ತೆರಿಗೆ ಇಲ್ಲ. ಬಿಸಿ ಮಾಡುವುದಂತೂ ಈಗಲೂ ಮಾಡುತ್ತಾರೆ.

ಕೊಬ್ಬರಿ ಎಣ್ಣೆ 1513ರ ಅಡುಗೆ ಎಣ್ಣೆಯೋ 3305ರ ತಲೆಗೆ ಹಚ್ಚುವ ಎಣ್ಣೆಯೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ತೀರಿದ್ದು 2024ರ ಡಿಸೆಂಬರ್ 18ಕ್ಕೆ. ಬಾಟಲಿ ಸಣ್ಣದು ಎಂಬ ಒಂದೇ ಕಾರಣಕ್ಕೆ ಅದು ತಲೆ ಎಣ್ಣೆ ಆಗುವುದಿಲ್ಲ ಅಂದರು. ನಮ್ಮ ಅವ್ವನ ಹತ್ತಿರ ಇದ್ದದ್ದು ಒಂದೇ ಬಾಟಲಿ. ಒಲೆಯ ಹತ್ತಿರ ಇದ್ದಾಗ 1513, ತಲೆಗೆ ಬಂದಾಗ 3305.

*

ಮುಧೋಳ ನಾಯಿ ಹುಡುಕಿದೆ. ಕುದುರೆ, ಕತ್ತೆ 0101. ದನ 0102. ಹಂದಿ 0103. ಕುರಿ, ಆಡು 0104. ಕೋಳಿ 0105. ನಾಯಿ? 0106 19, ಇತರೆ ಸಸ್ತನಿ. ರಾಜರ ಸಂಗಡ ಬೇಟೆಗೆ ಹೋದದ್ದು, ಸೈನ್ಯದಲ್ಲಿ ಕೆಲಸಕ್ಕೆ ಸೇರಿದ್ದು, ಇತರೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ತಂದಿತ್ತು. ಸಂಗ್ರಹದ ಅಂಚೆಚೀಟಿಗೆ ಸ್ವಂತ ಶೀರ್ಷಿಕೆ ಇದೆ, 9704.

*

ಸೀರೆಗಾಗಿ ಇಳಕಲ್ಲಿಗೇ ಹೋದೆ. ಒಂದು ಮಗ್ಗದ ಮನೆಯಲ್ಲಿ ಅರ್ಧ ದಿನ ಕೂತೆ. ಕುಣಿಮಗ್ಗ. ನೇಯುವ ಅಜ್ಜನ ಕಾಲು ನೆಲದೊಳಗೆ, ಕೈ ನೆಲದ ಮೇಲೆ.

ನನ್ನ ಕೈಯಲ್ಲಿ ಪುಸ್ತಕದಿಂದ ಬರೆದುಕೊಂಡ ಹಾಳೆ ಇತ್ತು. ಹೊಲಿದ ಉಡುಪಿಗೆ 61, 62ನೆಯ ಅಧ್ಯಾಯಗಳಿವೆ. ಸೀರೆಗೆ ಹೊಲಿಗೆ ಇಲ್ಲ, ಹಾಗಾಗಿ ಅದು ಉಡುಪಲ್ಲ, ಬಟ್ಟೆ. ಬಟ್ಟೆ ಅಂದಮೇಲೆ ಯಾವ ನೂಲು ಅಂತ ಕೇಳುತ್ತದೆ ಪುಸ್ತಕ. ರೇಷ್ಮೆಯಾದರೆ 5007; ಅಲ್ಲಿ ದಿಲ್ಲಿಯವರು 5007 20 10 ಅಂತ ಸೀರೆಯ ಹೆಸರನ್ನೇ ಹಾಕಿದ್ದಾರೆ. ಹತ್ತಿಯಾದರೆ 52ನೆಯ ಅಧ್ಯಾಯ. ಎರಡೂ ಬೆರೆತಿದ್ದರೆ ತೂಗಬೇಕು. ಯಾವ ನೂಲಿನ ತೂಕ ಹೆಚ್ಚೋ ಇಡೀ ಬಟ್ಟೆ ಅದರದೇ ಅಂತ ತಿಳಿಯಬೇಕು. ಹತ್ತಿ ಶೇ. 85 ಅಥವಾ ಮೇಲೆ, ಚದರ ಮೀಟರಿಗೆ 200 ಗ್ರಾಮಿನೊಳಗೆ ತೂಗಿದರೆ 5208. ಹತ್ತಿಯೇ ಹೆಚ್ಚಿದ್ದೂ 85ಕ್ಕೆ ಮುಟ್ಟದೆ, ಜೊತೆಗಿರುವುದು ಆರ್ಟ್ ಸಿಲ್ಕ್ ಆದರೆ 5210. ಜೊತೆಗಿರುವುದು ಖರೇ ರೇಷ್ಮೆಯಾದರೆ 5212.

ಅಜ್ಜ ನೇಯುತ್ತಿದ್ದ ಸೀರೆಯ ಒಡಲು ಹತ್ತಿ, ದಡಿ ಮತ್ತು ಟೋಪ್‌ತೆನಿ ಸೆರಗು ಆರ್ಟ್ ಸಿಲ್ಕ್. ನಾನು ಹಾಳೆಯ ಹಿಂದೆ ಲೆಕ್ಕ ಹಾಕತೊಡಗಿದೆ. ದಡಿ ಸೀರೆಯುದ್ದಕ್ಕೂ ಓಡುತ್ತದೆ, ಸೆರಗು ಒಂದೇ ತುದಿಗೆ. ಆರು ಗಜದ ಸೀರೆಗೂ ಒಂಬತ್ತು ಗಜದ ಸೀರೆಗೂ ಸೆರಗು ಅಷ್ಟೇ ಇಟ್ಟರೆ, ಒಂಬತ್ತು ಗಜದ್ದರಲ್ಲಿ ಹತ್ತಿಯ ಪಾಲು ಹೆಚ್ಚುತ್ತದೆ. ಪಾಲು 85ರ ಆಸುಪಾಸಿನಲ್ಲಿದ್ದರೆ ಅದೇ ಮಗ್ಗ, ಅದೇ ನೂಲು, ಅದೇ ಕೈಯಿಂದ ಬಂದ ಮೊಮ್ಮಗಳ ಸೀರೆ ಒಂದು ಶೀರ್ಷಿಕೆ, ಅಜ್ಜಿಯ ಸೀರೆ ಇನ್ನೊಂದು. ಲೆಕ್ಕ ಸರಿ ಬಂದದ್ದಕ್ಕೆ ಮಾಸ್ತರನಿಗೆ ಆಗುವ ಖುಷಿ ಆಯಿತು. ಅಜ್ಜನಿಗೆ ಹೇಳಿದೆ. ಅವರು ಲಾಳಿ ಒಗೆಯುವುದನ್ನು ನಿಲ್ಲಿಸಲಿಲ್ಲ.

ಆಮೇಲೆ ಕೊಂಡಿ ತೋರಿಸಿದರು. ಇಳಕಲ್ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಹೊಲಿಯುವುದಿಲ್ಲ, ಗಂಟು ಹಾಕುವುದಿಲ್ಲ. ಒಡಲಿನ ಒಂದೊಂದು ಎಳೆಯ ಮಡಿಕೆಯೊಳಗೆ ಸೆರಗಿನ ಒಂದೊಂದು ಎಳೆಯ ಮಡಿಕೆ ಸಿಕ್ಕಿಸುತ್ತ ಹೋಗಬೇಕು. ಸಾವಿರಗಟ್ಟಲೆ ಎಳೆ. ಆದ್ದರಿಂದಲೇ ಹಾಸನ್ನು ಒಂದೊಂದು ಸೀರೆಗೂ ಬೇರೆಯಾಗಿ ಮಾಡಿಕೊಳ್ಳಬೇಕು, ಹತ್ತು ಸೀರೆಗೆ ಒಮ್ಮೆಲೇ ಹಾಸಿಕೊಂಡು ಕೂರುವಂತಿಲ್ಲ. ಮನೆಯ ಹೆಣ್ಣುಮಕ್ಕಳ ಬೆರಳಿನ ಕೆಲಸ. ಸೀರೆಯನ್ನು ಇಳಕಲ್ಲಿನದು ಮಾಡುವುದು ಅದೇ.

‘ಕೊಂಡಿ ತೂಕ ಎಷ್ಟ ಬರ್ತದರಿ?’ ಅಂತ ಕೇಳಿದೆ.

‘ಕೊಂಡಿಗೆಲ್ಲಿ ತೂಕ ತಮ್ಮಾ?’

ಅದೇ ಸೀರೆಗೆ ಮೇಲಿನಿಂದ ಕಸೂತಿ ಹಾಕಿಸಿದರೆ 5810, ಕಸೂತಿಯ ಶೀರ್ಷಿಕೆ. ಸೂಜಿ ಮಾಡಿದ್ದು ಲೆಕ್ಕಕ್ಕೆ ಬರುತ್ತದೆ, ಬೆರಳು ಮಾಡಿದ್ದು ಬರುವುದಿಲ್ಲ. ಕಲ್ಲಿನಲ್ಲೂ ಹೀಗೇ ಅಲ್ಲವೇ? ಮೈಮೇಲಿನ ಹೊಳಪಿಗೆ 43 ಅಧ್ಯಾಯದ ಬಡ್ತಿ. ಒಳಗೆ ಬಿರುಕಿಲ್ಲದ ದಿಮ್ಮಿಯನ್ನು ಗುರುತಿಸಿ ಎಬ್ಬಿಸುವ ಕ್ವಾರಿಯವನ ಕಣ್ಣಿಗೆ ಯಾವ ಅಂಕಿಯೂ ಇಲ್ಲ.

ಗುಳೇದಗುಡ್ಡದ ಖಣ ಚೌಕಾಗಿ ಇರುವವರೆಗೆ ಬಟ್ಟೆ. ಸಿಂಪಿಗರು ಬಗಲಿಗೆ ಒಂದು ಓರೆ ಕತ್ತರಿ ಹಾಕಿದರೆ ಸಾಕು, ಬಟ್ಟೆಯ ಭಾಗದ ಏಳನೆಯ ಟಿಪ್ಪಣಿಯ ಪ್ರಕಾರ ಅದು ‘ಸಿದ್ಧಪಡಿಸಿದ್ದು’. ಚೌಕ ಅಥವಾ ಆಯತವಾಗಿ ಕತ್ತರಿಸಿದರೆ ಅಲ್ಲ. ಮೊದಲು ಎಳೆದಿಟ್ಟ ಗೆರೆಗೆ ಇಲ್ಲಿಂದ ಬಾಣ ಹಾಕಿದ್ದೇನೆ: ಕಲ್ಲಿಗೂ ಬಟ್ಟೆಗೂ ಒಂದೇ ಮಾತು. ಚೌಕ ಇನ್ನೂ ಕಚ್ಚಾ, ಓರೆಯಲ್ಲಿ ಮನುಷ್ಯ ಕಾಣುತ್ತಾನೆ. ಬ್ರಸೆಲ್ಸಿನವರಿಗೆ ಇದನ್ನು ಯಾರು ಕಲಿಸಿದರು?

*

ನಮ್ಮ ಭಾಗಕ್ಕೆ ಈ ವಿದ್ಯೆ ಹೊಸದಲ್ಲ. ಹುನಗುಂದ ತಾಲೂಕಿನ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಸಾವಿರ ವರ್ಷದ ಹಿಂದೆ ಕಡಲಾಚೆ ವ್ಯಾಪಾರ ಮಾಡಿದವರು. ಸುಮಾತ್ರಾದ ಬಾರುಸ್ ಬಳಿ 1088ರ ತಮಿಳು ಶಾಸನವೊಂದರಲ್ಲಿ ಆ ಐನೂರ್ವರ ಸಂಘದ ಉಲ್ಲೇಖ ಇದೆ. ನಮ್ಮ ಕಡೆಯ ಶಾಸನಗಳಲ್ಲಿ ಹೇರುಗಟ್ಟಲೆ ಮಾಲಿನ ಮೇಲೆ ಹಾಕುವ ದೊಡ್ಡ ಸುಂಕಕ್ಕೆ ಹೆಜ್ಜುಂಕ ಅನ್ನುತ್ತಾರೆ. ಚಿಲ್ಲರೆ ಸಾಮಾನುಗಳ ಸುಂಕಕ್ಕೆ ಕಿರುಕುಳ.

ಹೌದು, ಕಿರುಕುಳ. ಇವತ್ತು ಆ ಶಬ್ದ ಪೊಲೀಸ್ ಠಾಣೆಯ ದೂರಿನಲ್ಲಿ ಸಿಗುತ್ತದೆ. ಇತರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಇರಲಾರದು.

ಶರಣರಲ್ಲಿ ಸುಂಕದ ಬಂಕಣ್ಣ ಅಂತ ಒಬ್ಬರಿದ್ದರು, ಸುಂಕ ವಸೂಲಿಯೇ ಕಾಯಕ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಇರುವ ನಾಡಿನಲ್ಲಿ ಆ ಸುಂಕದವನೇ ಕೂತು ವಚನ ಬರೆದದ್ದು ನನಗೆ ಬಹಳ ಸಮಾಧಾನದ ಸಂಗತಿ.

*

ಬಾದಾಮಿ ಗುಡ್ಡದಲ್ಲಿರುವಾಗ ಮರಳುಗಲ್ಲು 2516 20. ಕೆತ್ತಿದರೆ 6802. ಕೆತ್ತಿದ್ದು ಕಲಾವಿದನ ಮೂಲಕೃತಿ ಅಂತಾದರೆ 9703. ನೂರು ವರ್ಷ ಮೀರಿದ ಹಳೆಯ ವಸ್ತುವಾದರೆ 9706ರ ಮಾತು. ಅಷ್ಟೊತ್ತಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಬಂದು ಹೊರಗೆ ಹೋಗದಂತೆ ಬಾಗಿಲು ಹಾಕಿರುತ್ತದೆ. ಮೂರನೆಯ ಗುಹೆಯಲ್ಲಿ 578ರ ಶಾಸನ ಇದೆ. ಆ ಗುಹೆಯ ಬೆಲೆ ಕೇಳಿದರೆ ಪುಸ್ತಕ ಮೌನ, ಗುಡ್ಡಕ್ಕೆ ಅಂಟಿದ್ದು ಸರಕಲ್ಲ.

*

ನಿನ್ನೆ ಅಳಿಯ ಮತ್ತೆ ಬಂದಿದ್ದ. ನಮ್ಮೂರಿನವರ ಮಗಳೊಬ್ಬಳು ಹೊರದೇಶದಲ್ಲಿದ್ದಾಳೆ, ಅಲ್ಲಿಯ ಮನೆಗೆ ಎರಡೂವರೆ ಅಡಿಯ ಹನಮಪ್ಪ ಬೇಕಂತೆ, ಇಳಕಲ್ ಕಲ್ಲಿನಲ್ಲೇ. ಕೆತ್ತಿಸಿ ಆಗಿದೆ. ನಂಬರು ಯಾವುದು?

97ನೆಯ ಅಧ್ಯಾಯದ ಟಿಪ್ಪಣಿ ತೆಗೆದೆ. ವ್ಯಾಪಾರಿ ಸ್ವರೂಪದ ಸಾಂಪ್ರದಾಯಿಕ ಕುಶಲಕೆಲಸಕ್ಕೆ 9703 ಸಲ್ಲದು, ಕಲಾವಿದ ಮಾಡಿದ್ದಾದರೂ ಸರಿ. ಸಂಪ್ರದಾಯ ಬಿಟ್ಟು ಕೆತ್ತಿದರೆ ಕಲೆ. ಆದರೆ ಹನಮಪ್ಪನನ್ನು ಸಂಪ್ರದಾಯ ಬಿಟ್ಟು ಕೆತ್ತಿದರೆ ಊರಿನವರು ಒಪ್ಪಬೇಕಲ್ಲ. ಇಬ್ಬರೂ ಕೂಡಿ ಶಿಲ್ಪಿಗೆ ಫೋನು ಹಚ್ಚಿದೆವು. ಅವರು ತಡಮಾಡದೆ ಹೇಳಿದರು: ‘ಕಣ್ಣು ಇನ್ನೂ ತೆರದಿಲ್ಲರೀ ಸರ್. ಅದು ಅಲ್ಲಿ, ಪ್ರತಿಷ್ಠಾ ಮಾಡೂಮುಂದ. ಇಲ್ಲಿಂದ ಹೋಗೂತನಾ ಅದು ಕಲ್ಲ ಬರೀರಿ.’

ಅಳಿಯ 6802 93 ಅಂತ ತುಂಬಿದ. ಕಟ್ಟಿಗೆಯ ಪೆಟ್ಟಿಗೆಗೆ ಬೇರೆ ನಂಬರು ಬೇಕೋ ಎಂದ. ಬೇಡ, ಐದನೆಯ ನಿಯಮ, ಕಟ್ಟಿದ ಪೆಟ್ಟಿಗೆ ಒಳಗಿನ ಮಾಲಿನ ಜೊತೆಗೇ ಹೋಗುತ್ತದೆ ಎಂದೆ.

‘ಮತ್ತ ಇಲ್ಲಿ ವಿವರ ಅಂತ ಐತಲ್ರಿ ಮಾಮಾ, ಏನ ಬರೀಲಿ?’

ಬರೆಸಿದೆ: ಗ್ರಾನೈಟ್, ಕೆತ್ತಿದ್ದು, ಒಂದು ನಗ.